ಅಮ್ಮನ ಸೈಜ್ ಚೂಡಿದಾರ್ ಎಲ್ಲಿ ಸಿಗುತ್ತೆ? ಅಂಗಡಿಗೆ ಹೋಗೋ ಮುಂಚೆ ಇದನ್ನ ಓದಿ

ಒಂದು ನಾಮಕರಣಕ್ಕೆ ಅಂತ ಅಮ್ಮನಿಗೆ ಚೂಡಿದಾರ್ ತಗೊಳ್ಳೋಕೆ ಪೇಟೆಗೆ ಹೋಗಿದ್ವಿ. ಅಂಗಡಿ ಹುಡುಗ ಅಮ್ಮನ್ನ ಮೇಲಿಂದ ಕೆಳಗೆ ನೋಡಿ, 'ಆಂಟಿ, ನಿಮ್ಮ ಸೈಜ್ ಬರಲ್ಲ' ಅಂತ ಎಲ್ಲರ ಎದುರೇ ಅಂದ. ಅಮ್ಮ ಮಾತಾಡದೆ ಹೊರಗೆ ಬಂದ್ರು.

ನಲವತ್ತು ದಾಟಿದ ಹೆಂಗಸರು ಅಂಗಡಿ ಆರಿಸುವಾಗ ಬೋರ್ಡು ನೋಡೋದು ಬಿಟ್ಟು ಸೈಜ್ ಕೇಳಬೇಕು. ಎಕ್ಸ್‌ಎಲ್ ಅಂದ್ರೆ ಸಾಮಾನ್ಯವಾಗಿ 42, ಡಬಲ್ ಎಕ್ಸ್‌ಎಲ್ 44. ಆದ್ರೆ ಕಂಪನಿಯಿಂದ ಕಂಪನಿಗೆ ಅಳತೆ ಬದಲಾಗುತ್ತೆ. ಹಾಗಾಗಿ ಮೈಗೆ ಸರಿಯಾಗಿ ಕೂರುವ ಹಳೇ ಟಾಪ್ ಒಂದನ್ನ ಜೊತೆಗೆ ಒಯ್ದು, ಹೊಸದರ ಮೇಲೆ ಹಾಸಿ ನೋಡಿ. ಎದೆ ಸರಿಯಿದ್ರೂ ತೋಳು ಬಿಗಿಯಾಗೋದುಂಟು, ಅದನ್ನೂ ಹೋಲಿಸಿ. ಒಳಮಗ್ಗುಲು ತಿರುಗಿಸಿ ಹೊಲಿಗೆ ಪಕ್ಕ ಬಟ್ಟೆ ಬಿಟ್ಟಿದ್ದಾರಾ ಗಮನಿಸಿ. ಬಿಟ್ಟಿದ್ರೆ ಟೈಲರ್ ಬಿಚ್ಚಿ ಸಡಿಲ ಮಾಡಿಕೊಡ್ತಾರೆ. ಕಾಟನ್ ಒಗೆದ ಮೇಲೆ ಕುಗ್ಗಬಹುದು, ತುಸು ಸಡಿಲವಾದದ್ದೇ ತಗೊಳ್ಳಿ. ವಯಸ್ಸಾಯ್ತು ಅಂತ ಬರೀ ಬೂದು, ಕಂದು ಬಣ್ಣ ತೆಗೆದು ಹಾಕೋದು ಯಾಕೋ ಗೊತ್ತಿಲ್ಲ. ನಿಮಗೆ ಹಿಡಿಸಿದ ಬಣ್ಣ ಕೇಳಿ ತೆಗೆಸಿ.

ರೆಡಿಮೇಡ್ ಹೊಂದದಿದ್ರೆ ಹೊಲಿಸೋದೇ ವಾಸಿ. ಸೀರೆ ಜೊತೆ ಬರೋ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂ.ಮೀ. ಇರುತ್ತೆ. ದಪ್ಪ ಮೈಕಟ್ಟಿನವರಿಗೆ ಮೊಣಕೈವರೆಗೆ ತೋಳು ಬೇಕಂದ್ರೆ ಅದು ಸಾಲದೇ ಹೋಗಬಹುದು, ಮೊದಲೇ ಟೈಲರ್‌ನ ಕೇಳಿ.

ಅಂಗಡಿಯವರಿಗೂ ಒಂದು ಮಾತು. 44, 46ರಲ್ಲಿ ನಾಲ್ಕು ಪೀಸಾದ್ರೂ ಇಡಿ. ಟ್ರಯಲ್ ರೂಮಿಗೆ ಗಟ್ಟಿ ಚಿಲಕ, ಒಳಗೊಂದು ಕನ್ನಡಿ ಹಾಕಿಸಿ. ಸ್ಟಾಕ್ ಇಲ್ದಿದ್ರೆ 'ತರಿಸಿ ಕೊಡ್ತೀನಿ ಅಮ್ಮ' ಅನ್ನಿ. ನಮ್ಮಮ್ಮನ ಸೈಜ್ 44. ಈಗ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೇ ಹೋಗ್ತಾರೆ.