ಮದುವೆ ಬಾಗಿಲಿನ ಬಾಳೆಗೊನೆ

ಮದುವೆ ನಡೆಯುವ ಛತ್ರ ಯಾವುದೆಂದು ಹುಡುಕುವವರಿಗೆ ಬೋರ್ಡು ಬೇಕಿಲ್ಲ. ಬಾಗಿಲ ಎರಡೂ ಬದಿಗೆ ಗೊನೆ ಹೊತ್ತ ಬಾಳೆಗಿಡ ಕಂಡರೆ ಸಾಕು, ಒಳಗೆ ಓಲಗದ ಸದ್ದು ಇದ್ದೇ ಇರುತ್ತದೆ. ವಿದ್ಯುದ್ದೀಪದ ಸರ, ಬಣ್ಣದ ಬಟ್ಟೆಯ ಮಂಟಪ, ದೂರದಿಂದ ತರಿಸಿದ ಹೂವು ಏನೇ ಬಂದರೂ ಈ ಜೋಡಿ ಗಿಡಗಳನ್ನು ಕದಲಿಸಲು ಆಗಿಲ್ಲ.

ಇಷ್ಟೆಲ್ಲ ಗಿಡಗಳಿರುವಾಗ ಬಾಳೆಯೇ ಏಕೆ? ಉತ್ತರ ತೋಟದಲ್ಲಿದೆ. ಬಾಳೆಯ ಒಂದು ಗಿಡ ಗೊನೆ ಹಾಕುವುದು ಒಮ್ಮೆ ಮಾತ್ರ. ಗೊನೆ ಬಲಿತರೆ ಅದರ ಆಯಸ್ಸು ತೀರಿತು. ಆದರೆ ಅಷ್ಟರೊಳಗೆ ನೆಲದಡಿಯ ಗೆಡ್ಡೆಯಿಂದ ಕಂದುಗಳು ಎದ್ದಿರುತ್ತವೆ. ತಾಯಿಗಿಡ ಹೋದರೂ ಬುಡ ಬರಿದಾಗುವುದಿಲ್ಲ. ಮನೆತನವೂ ಹಾಗೆಯೇ ಬೆಳೆಯಲಿ ಎಂಬ ಹಾರೈಕೆ ಅಲ್ಲಿದೆ. ಬಾಳೆ, ಬಾಳು ಎಂಬ ಮಾತುಗಳ ನೆಂಟಸ್ತನವೂ ಕನ್ನಡದ ಕಿವಿಗೆ ಹಿತವೇ.

ಅನುಕೂಲದ ಲೆಕ್ಕವೂ ಇದೆ. ನಾವು ಕಾಂಡವೆಂದು ತಿಳಿಯುವುದು ಮರವಲ್ಲ. ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು. ಅವುಗಳ ತುಂಬ ನೀರು. ಹಾಗಾಗಿ ಕಡಿದು ತಂದು ಕಂಬಕ್ಕೆ ಬಿಗಿದರೂ ಮದುವೆ ಮುಗಿಯುವವರೆಗೆ ಗಿಡ ಹಸಿರಾಗಿ ನಿಲ್ಲುತ್ತದೆ. ಗೊನೆ ಮಾತ್ರ ಹಣ್ಣಾಗಿರಬಾರದು. ಹಣ್ಣಾದರೆ ಚಿಪ್ಪಿನಿಂದ ಕಳಚಿ ಬರುವ ನೆಂಟರ ತಲೆಯ ಮೇಲೆ ಬಿದ್ದೀತು! ಹಣ್ಣಿನ ಅಲಂಕಾರವೆಂದರೂ ಬಾಗಿಲಲ್ಲಿ ನಿಲ್ಲುವುದು ಕಾಯಿಯೇ.

ಕೊಡವರ ಮದುವೆಯಲ್ಲಿ ಬಾಳೆಯ ಪಾತ್ರವೇ ಬೇರೆ. ಅಲ್ಲಿ ಬಾಳೆಯ ಕಾಂಡಗಳನ್ನು ನೆಲದಲ್ಲಿ ನಿಲ್ಲಿಸಿ, ಹೂವಿನಿಂದ ಸಿಂಗರಿಸಿ, ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುತ್ತಾರೆ. ಕಡಿಯಲು ಕರೆಯುವುದೇ ದೊಡ್ಡ ಗೌರವ.

ಈ ಅಲಂಕಾರ ಎಷ್ಟು ಹಳೆಯದು ಎಂಬುದಕ್ಕೆ ಏಳನೆಯ ಶತಮಾನದ ಸಾಕ್ಷಿ ಇದೆ. ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ತನ್ನ 'ಹರ್ಷಚರಿತ'ದಲ್ಲಿ ರಾಜನ ತಂಗಿ ರಾಜ್ಯಶ್ರೀಯ ಮದುವೆಯ ಸಡಗರವನ್ನು ವರ್ಣಿಸಿದ್ದಾನೆ. ಅರಮನೆಯಲ್ಲಿ ಕುಶಲಕರ್ಮಿಗಳು ಮಣ್ಣಿನಿಂದ ಮೀನು, ಆಮೆ, ಮೊಸಳೆಗಳ ಜೊತೆಗೆ ತೆಂಗು, ಬಾಳೆ, ಅಡಿಕೆಯ ಆಕೃತಿಗಳನ್ನೂ ಮಾಡುತ್ತಿದ್ದರಂತೆ. ಆ ರಾಜಧಾನಿ ಈಗಿನ ಹರಿಯಾಣದ ಥಾನೇಸರ. ತೆಂಗು, ಅಡಿಕೆಯ ಸೀಮೆಯಲ್ಲ. ಸಿಗದ ಫಲವನ್ನು ಮಣ್ಣಿನಲ್ಲಿ ಮಾಡಿಯಾದರೂ ಇಡಬೇಕೆನಿಸಿತ್ತೋ ಏನೋ. ಇಂದು ಮಂಟಪಗಳಲ್ಲಿ ತೂಗುವ ಪ್ಲಾಸ್ಟಿಕ್ ದ್ರಾಕ್ಷಿಗೊಂಚಲನ್ನು ಕಂಡು ಮೂಗು ಮುರಿಯುವವರು ಇದನ್ನು ನೆನೆಯಬಹುದು.

ಬಾಗಿಲು ದಾಟಿ ಒಳಗೆ ಬಂದರೆ ಕಲಶದ ಮೇಲೆ ಮಾವಿನೆಲೆಯ ನಡುವೆ ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿ. ಕೆಲವು ಸಮುದಾಯಗಳಲ್ಲಿ ಮದುಮಗನ ಕೈಯ ಚೂರಿಯ ತುದಿಗೆ ನಿಂಬೆಹಣ್ಣು. ದೃಷ್ಟಿ ತಾಗದಿರಲಿ ಎಂದು. ಕರಾವಳಿ, ಮಲೆನಾಡಿನ ಕಡೆ ಅಡಿಕೆಯ ಹಿಂಗಾರಕ್ಕೆ ಮರ್ಯಾದೆ ಹೆಚ್ಚು. ಬಣ್ಣದ ಕಾಗದ, ಜರಿ ಹಚ್ಚಿ ಸಿಂಗರಿಸಿದ ಕೊಬ್ಬರಿ ಗಿಟುಕುಗಳನ್ನು ತಟ್ಟೆಯಲ್ಲಿ ಜೋಡಿಸುವುದು ಮನೆಯ ಹೆಂಗಸರ ಕೈಚಳಕ.

'ಫಲ' ಎಂದರೆ ಹಣ್ಣೂ ಹೌದು, ಸಂತಾನವೂ ಹೌದು. ಮದುಮಗಳ ಮಡಿಲಿಗೆ ಅಕ್ಕಿಯ ಜೊತೆ ತೆಂಗಿನಕಾಯಿ, ಬಾಳೆಹಣ್ಣು ತುಂಬುವುದರ ಅರ್ಥವೂ ಅದೇ. ನೋಡಲು ಚೆಂದವಾದ ಈ ಶಾಸ್ತ್ರಕ್ಕೆ ಇನ್ನೊಂದು ಮುಖವಿದೆ. ಮಡಿಲು ತುಂಬಲು ಮೊದಲು ಕರೆಯುವುದು ಮಕ್ಕಳೊಂದಿಗಳಾದ ಮುತ್ತೈದೆಯರನ್ನು. ಮಕ್ಕಳಿಲ್ಲದವರು, ಗಂಡನನ್ನು ಕಳೆದುಕೊಂಡವರು ಎಷ್ಟೋ ಮನೆಗಳಲ್ಲಿ ಇಂದಿಗೂ ಕಂಬದ ಮರೆಯಲ್ಲೇ ನಿಲ್ಲುತ್ತಾರೆ. ಮಗಳ ಮದುವೆಗೆಂದು ವರ್ಷಗಟ್ಟಲೆ ದುಡಿದ ತಾಯಿ ವಿಧವೆಯಾಗಿದ್ದರೆ ಮಡಿಲಕ್ಕಿಯ ತಟ್ಟೆ ಬೇರೆಯವರ ಕೈಗೆ ಹೋಗುತ್ತದೆ. ತಾವೇ ಮುಂದೆ ಬಂದು ತಟ್ಟೆ ಹಿಡಿಯುವ ತಾಯಂದಿರೂ ಇದ್ದಾರೆ. ಅದಕ್ಕೆ ಪುರೋಹಿತರಿಗಿಂತ ನೆಂಟರ ಆಕ್ಷೇಪಣೆಯೇ ಜಾಸ್ತಿ. ಇನ್ನು ಮಡಿಲು ತುಂಬಿಸಿಕೊಂಡ ಹುಡುಗಿಗೆ ವರ್ಷ ಕಳೆಯುವುದರೊಳಗೆ "ಏನಮ್ಮಾ, ವಿಶೇಷ ಉಂಟೇ?" ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಹೊಸ ಕಾಲದ ಸೇರ್ಪಡೆಯೆಂದರೆ ಊಟದ ಹಾಲಿನ ಕೆತ್ತನೆ. ಇದಕ್ಕೆ ಕಲ್ಲಂಗಡಿಯೇ ಮೊದಲ ಆಯ್ಕೆ. ಹೊರಗೆ ಹಸಿರು, ನಡುವೆ ಬಿಳುಪು, ಒಳಗೆ ಕೆಂಪು. ಚಾಕು ಎಷ್ಟು ಆಳಕ್ಕೆ ಇಳಿಯಿತೆಂಬುದರ ಮೇಲೆ ಬಣ್ಣ ಬದಲಾಗುತ್ತದೆ. ಹಂಸ, ಗುಲಾಬಿ, ವಧೂವರರ ಹೆಸರು ಎಲ್ಲವೂ ಅದರಲ್ಲಿ ಮೂಡುತ್ತವೆ. ಕೆತ್ತಿದ ಮೇಲ್ಮೈ ಬೇಗ ಒಣಗುವುದರಿಂದ ಆಗಾಗ ನೀರು ಚಿಮುಕಿಸಬೇಕು. ಮಾರನೆಯ ದಿನಕ್ಕೆ ಅದು ಕಣ್ಣಿಗೂ ಬೇಡ, ಬಾಯಿಗೂ ಬೇಡ.

ಬಾಳೆಗೆ ಹಳ್ಳಿಯಲ್ಲಿ ಆ ಗತಿ ಇರಲಿಲ್ಲ. ಮದುವೆ ಮುಗಿದೊಡನೆ ಗೊನೆಯನ್ನು ಇಳಿಸಿ, ಬಲಿತಿದ್ದರೆ ಹಣ್ಣಿಗೆ ಇಡುತ್ತಿದ್ದರು, ಎಳೆಯದಾದರೆ ಪಲ್ಯಕ್ಕಾಯಿತು. ಒಳಗಿನ ದಿಂಡು ಮರುದಿನದ ಅಡಿಗೆಗೆ, ಎಲೆ ಮತ್ತು ಸಿಪ್ಪೆ ದನಗಳಿಗೆ. ಪೇಟೆಯ ಛತ್ರದಲ್ಲಿ ದನವಿಲ್ಲ, ದಿಂಡು ಹೆಚ್ಚಿ ನಾರು ತೆಗೆಯುವ ಪುರುಸೊತ್ತೂ ಇಲ್ಲ. ಬೀಗರು ಬಸ್ಸು ಹತ್ತುವ ಹೊತ್ತಿಗೆ ಗೊನೆಯನ್ನು ಕೆಲಸದವರು ಯಾರಾದರೂ ಕೊಯ್ದುಕೊಂಡಿರುತ್ತಾರೆ. ಗಿಡ ಮಾತ್ರ ಎರಡು ತುಂಡಾಗಿ ಎಂಜಲೆಲೆಯ ರಾಶಿಯ ಪಕ್ಕದಲ್ಲಿ ಕಸದ ಲಾರಿಗೆ ಕಾಯುತ್ತಿರುತ್ತದೆ.