ಹೆಳವರ ಹೊತ್ತಿಗೆ ಮತ್ತು ಊರು ಬಿಟ್ಟವರು

ಹೆಳವರು ಕನ್ನಡನಾಡಿನ ವಂಶಾವಳಿಗಾರರು. ಒಂದೊಂದು ಹೆಳವ ಮನೆತನಕ್ಕೂ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದು ಹಿರಿಯರ ಕಾಲದಿಂದ ಹಂಚಿಕೆಯಾಗಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಬಂದು, ಮನೆಯ ಮುಂದೆ ಕೂತು, ಆ ಮನೆತನದ ಮೂಲಪುರುಷ ಯಾರು, ಕುಲ ಬೆಡಗು ಯಾವುದು, ಮನೆದೇವರು ಎಲ್ಲಿಯದು, ಅಣ್ಣತಮ್ಮಂದಿರು ಯಾವ ತಲೆಮಾರಿನಲ್ಲಿ ಕವಲೊಡೆದು ಯಾವ ಊರು ಸೇರಿದರು ಎಂಬುದನ್ನೆಲ್ಲ ಹೇಳುತ್ತಾರೆ. ಆಮೇಲೆ ಹೊಸದಾಗಿ ಹುಟ್ಟಿದವರ ಹೆಸರು ಸೇರುತ್ತದೆ. ದವಸ, ಬಟ್ಟೆ, ಪಾತ್ರೆ, ಹಣ ಅವರಿಗೆ ಸಲ್ಲುವ ಕಾಣಿಕೆ.

ಹೆಳವ ಎಂದರೆ ಕಾಲಿಲ್ಲದವನು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಪ್ರಕಟಿಸಿದ ಸಂಪುಟಗಳಲ್ಲಿ ಇವರ ಚಿತ್ರವಿದೆ: ಎತ್ತಿನ ಮೇಲೆ ಕೂತು, ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಬಂದು ಮನೆಮನೆಯ ಚರಿತ್ರೆ ಹೇಳುವವರು. ಬಾಯಲ್ಲಿದ್ದ ಈ ವಿದ್ಯೆ ಕಾಲಕ್ರಮೇಣ ಬರವಣಿಗೆಗೂ ಇಳಿದು ಈಗ ದಪ್ಪ ಪುಸ್ತಕಗಳಲ್ಲಿದೆ. ಬರಕ್ಕೋ ದಾಯಾದಿ ಜಗಳಕ್ಕೋ ಊರು ಬಿಟ್ಟವರ ಜಾಡನ್ನು ಇಷ್ಟು ನಿಷ್ಠೆಯಿಂದ ಕಾದವರು ಕನ್ನಡನಾಡಿನಲ್ಲಿ ವಿರಳ.

ಚೀನೀಯರಲ್ಲಿ ಈ ಕೆಲಸ ಮನೆತನದವರದೇ. ‘ಜುಪು’ ಎಂಬ ವಂಶಗ್ರಂಥವನ್ನು ಅವರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಒಂದೇ ತಲೆಮಾರಿನ ಅಣ್ಣತಮ್ಮಂದಿರ ಹೆಸರಲ್ಲಿ ಒಂದು ಸಮಾನ ಅಕ್ಷರವಿಡುವ ಪದ್ಧತಿಯಿಂದ, ಕಡಲಾಚೆ ಹೋದವನೂ ತಾನು ಎಷ್ಟನೆಯ ತಲೆಮಾರಿನವನೆಂದು ತಿಳಿಯಬಲ್ಲ. 2009ರಲ್ಲಿ ಹೊರಬಂದ ಕನ್‌ಫ್ಯೂಶಿಯಸ್ ವಂಶಾವಳಿ 80 ಸಂಪುಟಗಳದು. 20 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಹೆಣ್ಣುಮಕ್ಕಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು ಆ ಸಲವೇ ಮೊದಲು.

ಕನ್ನಡದ ಮನೆತನಗಳು ಈ ಭಾರವನ್ನು ಹೆಳವರಿಗೆ ಒಪ್ಪಿಸಿ ನಿಶ್ಚಿಂತೆಯಿಂದಿದ್ದವು. ವಲಸೆ ಹಳ್ಳಿಯಿಂದ ಹಳ್ಳಿಗೆ ಇದ್ದಷ್ಟು ಕಾಲ ಅದು ನಡೆಯಿತು. ಬೆಂಗಳೂರಿನ ಪಡುವಣ ಭಾಗ ಬೆಳೆದಾಗ ಎಳೆ ಸಡಿಲಾಯಿತು. ಮಾಗಡಿ, ತುಮಕೂರು, ಮೈಸೂರು ರಸ್ತೆಗಳು ನಗರ ಸೇರುವ ದಿಕ್ಕು ಇದು. ಕಾರ್ಖಾನೆ ಕೆಲಸ, ಮಕ್ಕಳ ಓದು ಎಂದು ಬಂದವರು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಯಾದರು. ಆಮೇಲೆ ಬಂದವರು ಕೆಂಗೇರಿಯ ಕಡೆಗೆ. ಹೆಳವರು ಮಾತ್ರ ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ಹಳ್ಳಿಯ ಹಳೆಮನೆಗೇ. ಬೀಗ ಹಾಕಿದ ಬಾಗಿಲ ಮುಂದೆ ವಂಶ ಹೇಳಲಾಗದು, ಅಡ್ಡರಸ್ತೆಯ ಮೂರನೇ ಮಹಡಿಯಲ್ಲಿ ಹುಟ್ಟಿದ ಮಗುವಿನ ಹೆಸರು ಬರೆದುಕೊಳ್ಳಲೂ ಆಗದು.

ಊರಹಬ್ಬಕ್ಕೆ ಹೋದಾಗ ತಮ್ಮ ಹೆಳವರು ಯಾರೆಂದು ಹಿರಿಯರನ್ನು ಕೇಳಿ, ಬೆಂಗಳೂರಿನ ವಿಳಾಸ ಕೊಟ್ಟು, ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳ ಹೆಸರನ್ನೂ ಬರೆಸುವ ಕೆಲಸವನ್ನು ಈ ಬಡಾವಣೆಗಳ ಮನೆಗಳು ತಡಮಾಡದೆ ಮಾಡಬೇಕು.