ಪಾರ್ಕಿನ್ಸನ್ ಕಾಯಿಲೆ: ಕೈಕಾಲು ಮಾತು ಕೇಳುವುದಿಲ್ಲವೇಕೆ?

ವಾರ್ಡಿನಲ್ಲಿ ಪಾರ್ಕಿನ್ಸನ್ ರೋಗಿಗಳ ಮನೆಯವರಿಂದ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಸಿಸ್ಟರ್, ಬೆಳಿಗ್ಗೆ ಚೆನ್ನಾಗೇ ಓಡಾಡಿದರು. ಈಗ ಏಳಿ ಅಂದರೆ ಏಳುವುದಿಲ್ಲ, ಬೇಕೂಂತಲೇ ಹಟ ಮಾಡುತ್ತಾರೆ." ಇತ್ತ ರೋಗಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಪೂಜೆಗೆ ಕುಳಿತರೆ ಕೈ ನಡುಗುತ್ತದಲ್ಲಾ ಎಂದು ಒಳಗೇ ಕೊರಗುತ್ತಿರುತ್ತಾರೆ. ಬಂಧುಗಳೇ, ಇದು ಹಟವಲ್ಲ, ಸೋಮಾರಿತನವೂ ಅಲ್ಲ. ಮೆದುಳಿನಲ್ಲಿ ಏನಾಗುತ್ತದೆಂಬುದನ್ನು ನಮಗೆ ಬಹುಮಟ್ಟಿಗೆ ತಿಳಿಸಿಕೊಟ್ಟವು ಮೂಕಪ್ರಾಣಿಗಳು.

ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಬಹುಕಾಲದಿಂದ ಬಲ್ಲರು. ಅದರಿಂದ ತೆಗೆದ ರಿಸರ್ಪಿನ್ ಎಂಬ ಔಷಧಿಯನ್ನು 1950ರ ದಶಕದಲ್ಲಿ ರಕ್ತದೊತ್ತಡಕ್ಕೂ ಮಾನಸಿಕ ಕಾಯಿಲೆಗೂ ಕೊಡುತ್ತಿದ್ದರು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಕುಳಿತುಬಿಟ್ಟವು. ಡೋಪಾ ಎಂಬ ವಸ್ತುವನ್ನು ಚುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಓಡಾಡತೊಡಗಿದವು. ಮೊಲಕ್ಕೇನು ಹಟವಿತ್ತೇ? ಕಾಲಿಗೂ ಏನೂ ಆಗಿರಲಿಲ್ಲ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬರಿದಾಗಿತ್ತು, ಅಷ್ಟೇ. ಈ ಶೋಧನೆಗಾಗಿ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದು ರೋಗಿಗಳು ನುಂಗುವ ಲೆವೋಡೋಪಾ ಮಾತ್ರೆಗೆ ದಾರಿಯಾದದ್ದೂ ಇದೇ.

ಡೋಪಮಿನ್ ಕಡಿಮೆಯಾದರೆ ಕಾಲು ಏಕೆ ನಿಲ್ಲಬೇಕು? ಇದಕ್ಕೆ ಉತ್ತರ ಕೋತಿಗಳಿಂದ ಬಂತು. ಎಂ.ಪಿ.ಟಿ.ಪಿ. ಎಂಬ ವಿಷವಸ್ತು ಡೋಪಮಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆಂದು 1980ರ ದಶಕದ ಆರಂಭದಲ್ಲಿ ತಿಳಿಯಿತು. ಅದನ್ನು ಕೊಟ್ಟ ಕೋತಿಗಳು ಪಾರ್ಕಿನ್ಸನ್ ರೋಗಿಗಳಂತೆಯೇ ನಿಧಾನವಾದವು. ಅವುಗಳ ಮೆದುಳಿನ ಆಳದಲ್ಲಿ ಒಂದು ಸಣ್ಣ ಭಾಗ ಅತಿಯಾಗಿ ಕೆಲಸ ಮಾಡುತ್ತಿತ್ತು. ಅಲ್ಲಿನ ಜೀವಕೋಶಗಳು ಬೇರೆಬೇರೆಯಾಗಿ ಮಾತಾಡುವ ಬದಲು ಒಂದೇ ಲಯಕ್ಕೆ ಸಿಕ್ಕಿಬಿದ್ದಿದ್ದವು. ಭಜನೆಯಲ್ಲಿ ಎಲ್ಲರೂ ಜೋರಾಗಿ ಒಂದೇ ತಾಳ ಕುಟ್ಟುತ್ತಿದ್ದರೆ ನಡುವೆ ಒಬ್ಬರು ಹೇಳಿದ ಮಾತು ಕೇಳುತ್ತದೆಯೇ? 'ಹೆಜ್ಜೆ ಇಡು' ಎಂಬ ಆಜ್ಞೆಯೂ ಹಾಗೆಯೇ ಅಡಗಿಹೋಗುತ್ತದೆ. ಆ ಭಾಗವನ್ನು ನಿಷ್ಕ್ರಿಯಗೊಳಿಸಿದಾಗ ಕೋತಿಗಳ ಚಲನೆ ಸುಧಾರಿಸಿತೆಂದು 1990ರಲ್ಲಿ ಅಮೆರಿಕದ ಮಾಲನ್ ಡಿಲಾಂಗ್ ಮತ್ತು ಸಂಗಡಿಗರು ತೋರಿಸಿದರು. ನಿಮ್ಹಾನ್ಸ್ ಮೊದಲಾದ ಕಡೆ ಆಯ್ದ ರೋಗಿಗಳ ಮೆದುಳಿಗೆ ತಂತಿ ಇಟ್ಟು ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆಯ ಹಿಂದೆ ಇದೇ ತಿಳಿವಳಿಕೆ ಇದೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ನಿಮ್ಹಾನ್ಸ್‌ನ ಸಂಶೋಧಕರು 2017ರಲ್ಲಿ ಇನ್ನೊಂದು ವಿಚಾರ ಪ್ರಕಟಿಸಿದರು. ಈ ವಿಷಕ್ಕೆ ಬೇಗ ತುತ್ತಾಗುವ ಇಲಿ ತಳಿಯನ್ನೂ ತಡೆದುಕೊಳ್ಳುವ ತಳಿಯನ್ನೂ ಕೂಡಿಸಿದಾಗ ಹುಟ್ಟಿದ ಮಿಶ್ರತಳಿಯ ಇಲಿಗಳು ವಿಷವನ್ನು ಚೆನ್ನಾಗಿ ತಡೆದುಕೊಂಡವು. ಅಂದರೆ ಹುಟ್ಟುಗುಣಕ್ಕೂ ಇದರಲ್ಲಿ ಪಾಲಿದೆ. ಆದರೆ ಇಲಿಗೆ ದಿನಗಳಲ್ಲಿ ಬರಿಸಿದ ಕಾಯಿಲೆ ಮನುಷ್ಯನಿಗೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಜೀವಕೋಶಗಳ ನಾಶವನ್ನೇ ನಿಲ್ಲಿಸುವ ಔಷಧಿ ಇನ್ನೂ ಬಂದಿಲ್ಲ. ಹಾಗೆ ಹೇಳಿ ಹಣ ಕೇಳುವವರನ್ನು ನಂಬಬೇಡಿ.

ಮೊಲದ ಕಥೆಯನ್ನು ಮನೆಯವರು ನೆನಪಿಡಲೇಬೇಕು. ಮಾತ್ರೆಯ ಪ್ರಭಾವ ಕೆಲವು ಗಂಟೆ ಮಾತ್ರ. ಅದು ಇಳಿದಾಗ ರೋಗಿ ಮತ್ತೆ ಆ ಮೊಲದಂತಾಗುತ್ತಾರೆ. ಆದ್ದರಿಂದ ವೈದ್ಯರು ಬರೆದ ಸಮಯಕ್ಕೇ ಮಾತ್ರೆ ಕೊಡಿ, ಸಾಧ್ಯವಾದರೆ ಊಟಕ್ಕೆ ಅರ್ಧ ಗಂಟೆ ಮೊದಲು. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ತೀವ್ರ ಜ್ವರ, ಮೈ ಬಿಗಿತ ಬಂದು ಪ್ರಾಣಕ್ಕೆ ಅಪಾಯವಾಗಬಹುದು. ಹೆಜ್ಜೆ ಅಂಟಿಕೊಂಡಂತೆ ನಿಂತಾಗ ಎಳೆಯಬೇಡಿ. ನೆಲದ ಮೇಲಿನ ಒಂದು ಗೆರೆ ತೋರಿಸಿ, "ಇದನ್ನು ದಾಟಿ ಯಜಮಾನರೇ" ಎನ್ನಿ. ಎಷ್ಟೋ ಸಲ ಕಾಲು ಏಳುತ್ತದೆ.

ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್, ಮನಸ್ಸಿನ ತಳಮಳಕ್ಕೆ ಕೊಡುವ ಹ್ಯಾಲೋಪೆರಿಡಾಲ್ ಡೋಪಮಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ರಕ್ತದೊತ್ತಡಕ್ಕೆ, ನಿದ್ದೆಗೆ ಎಂದು ಸರ್ಪಗಂಧದ ಗುಳಿಗೆ ತೆಗೆದುಕೊಳ್ಳುವವರೂ ಇದ್ದಾರೆ. ಮೊಲಕ್ಕೆ ಕೊಟ್ಟದ್ದೂ ಅದರ ಸತ್ತ್ವವೇ. ಜ್ವರಕ್ಕಾಗಲಿ, ಮೂಳೆ ಮುರಿತಕ್ಕಾಗಲಿ, ಯಾವ ಆಸ್ಪತ್ರೆಗೆ ಸೇರಿಸಿದರೂ ಪಾರ್ಕಿನ್ಸನ್ ಇದೆಯೆಂದು ಮೊದಲೇ ಹೇಳಿ. ಮಾತ್ರೆಯ ಚೀಟಿ ಮತ್ತು ಸಮಯ ಬರೆದ ಹಾಳೆಯನ್ನು ಡ್ಯೂಟಿಯಲ್ಲಿರುವ ಸಿಸ್ಟರ್ ಕೈಗೇ ಕೊಡಿ.